ಟೆನಿಸ್ ಅಂಕಣ ಕೆಟ್ಟಾಗ: ಮೇಲೆ ಕಾಣುವ ಲಕ್ಷಣ, ಕೆಳಗೆ ಅಡಗಿರುವ ಕಾರಣ

ಟೆನಿಸ್ ಅಂಕಣದಲ್ಲಿ ಏನಾದರೂ ತೊಂದರೆ ಕಾಣಿಸಿಕೊಂಡರೆ ಕ್ಲಬ್ಬು, ಕಾಲೇಜು, ವಸತಿ ಸಮುಚ್ಚಯ ಎನ್ನದೆ ಎಲ್ಲೆಡೆ ಮೊದಲು ಮಾಡುವ ಕೆಲಸವೆಂದರೆ ಬಣ್ಣ ಹೊಡೆಯುವವರನ್ನು ಕರೆಸುವುದು. ಹೊಸ ಬಣ್ಣ ಬಿದ್ದ ಮೇಲೆ ಅಂಕಣ ಒಂದು ಮಳೆಗಾಲದವರೆಗೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅದೇ ಜಾಗದಲ್ಲಿ ಅದೇ ಬಿರುಕು ಬಾಯಿ ಬಿಡುತ್ತದೆ, ಅದೇ ಗುಳ್ಳೆ ಮತ್ತೆ ಏಳುತ್ತದೆ. ಅಂಕಣಗಳ ಉಸ್ತುವಾರಿಯಲ್ಲಿ ಹಲವು ವರ್ಷ ಕಳೆದ ನನಗೆ ಖಚಿತವಾಗಿರುವುದು ಇಷ್ಟು: ಮೇಲ್ಮೈಯ ದೋಷಗಳಲ್ಲಿ ಹೆಚ್ಚಿನವು ನೀರಿನಿಂದ ಹುಟ್ಟುತ್ತವೆ, ಮತ್ತು ಆ ನೀರು ಎಲ್ಲಿಂದ ಬಂದು ಎಲ್ಲಿ ತಂಗುತ್ತಿದೆ ಎಂಬುದು ತಿಳಿಯುವ ಮುನ್ನ ಬಣ್ಣದ ಒಂದು ಡಬ್ಬಿಯನ್ನೂ ತೆರೆಯಬಾರದು. ಆ ಹುಡುಕಾಟವನ್ನು ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ, ಪರಿಣತರನ್ನು ಕರೆಯಲೇಬೇಕಾದ ಹಂತದವರೆಗೆ ಹೇಗೆ ನಡೆಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ನಿಮ್ಮ ಅಂಕಣ ಯಾವ ಬಗೆಯದು ಎಂದು ತಿಳಿದುಕೊಳ್ಳಿ

ನಮ್ಮಲ್ಲಿ ಇಂದು ಹೆಚ್ಚಾಗಿ ಕಾಣುವುದು ಗಟ್ಟಿ ಅಂಕಣ, ಅಂದರೆ ಎಲ್ಲರೂ ಹಾರ್ಡ್ ಕೋರ್ಟ್ ಎನ್ನುವುದು. ನೆಲವನ್ನು ದಮ್ಮಸು ಮಾಡಿ, ಅದರ ಮೇಲೆ ಜಲ್ಲಿಯ ಪದರ ಹಾಸಿ, ಮೇಲೆ ಡಾಂಬರು ಅಥವಾ ಕಾಂಕ್ರೀಟ್ ಹಾಕಿ, ಕೊನೆಗೆ ಸಣ್ಣ ಸಿಲಿಕಾ ಮರಳು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಕೆಲವು ಕೋಟುಗಳಲ್ಲಿ ಎಳೆದಿರುತ್ತಾರೆ. ನಾವು ನೋಡುವ ನೀಲಿ ಅಥವಾ ಹಸಿರು ಪದರವೆಲ್ಲ ಸೇರಿ ಒಂದೆರಡು ಮಿಲಿಮೀಟರ್ ದಪ್ಪವಿದ್ದರೆ ಹೆಚ್ಚು. ಮೆತ್ತೆಯ ಅಂಕಣವಾದರೆ ಬಣ್ಣದ ಕೆಳಗೆ ರಬ್ಬರ್ ಕಣಗಳ ಪದರವೂ ಇರುತ್ತದೆ.

ತಳ ಡಾಂಬರೋ ಕಾಂಕ್ರೀಟೋ ಎಂದು ತಿಳಿಯಲು ಬೇಲಿಯ ಹೊರಗಿನಿಂದ ಅಂಚನ್ನು ಸ್ವಲ್ಪ ಕೆದಕಿ ನೋಡಿದರೆ ಸಾಕು, ಕಪ್ಪಗಿದೆಯೋ ಬೂದಿಯ ಬಣ್ಣದ್ದೋ ಎಂಬುದು ಕಾಣುತ್ತದೆ. ಈ ವ್ಯತ್ಯಾಸ ತಿಳಿಯದೆ ಮುಂದಿನ ಪರೀಕ್ಷೆಗಳ ಅರ್ಥ ಹಿಡಿಯಲಾಗದು. ಡಾಂಬರು ಕಾಲ ಕಳೆದಂತೆ ಗಡುಸಾಗಿ ಕುಗ್ಗಿ ಸೀಳುತ್ತದೆ, ಕಾಂಕ್ರೀಟ್ ತನ್ನ ಕೀಲುಗಳಲ್ಲಿ ಅಲುಗಾಡುತ್ತದೆ ಮತ್ತು ಕೆಳಗಿನ ತೇವವನ್ನು ಆವಿಯಾಗಿ ಮೇಲಕ್ಕೆ ಬಿಡುತ್ತದೆ.

ಮಣ್ಣಿನ ಅಂಕಣ ಎರಡನೆಯ ಬಗೆ. ಹಳೆಯ ಕ್ಲಬ್ಬುಗಳಲ್ಲಿ ಕೆಮ್ಮಣ್ಣು, ಜೇಡಿ ಮತ್ತು ಇಟ್ಟಿಗೆ ಪುಡಿಯಿಂದ ಮಾಡಿದ ಅಂಕಣಗಳು ಈಗಲೂ ಇವೆ. ಪ್ಯಾರಿಸ್ಸಿನ ರೋಲಾಂ ಗ್ಯಾರೋಸ್ ಅಂಕಣವನ್ನು ಇಲ್ಲಿ ನೆನೆಯಬೇಕು. ಟಿವಿಯಲ್ಲಿ ಕಾಣುವ ಆ ಕೆಂಪು ಇಟ್ಟಿಗೆ ಪುಡಿ ಒಂದೆರಡು ಮಿಲಿಮೀಟರ್ ಮಾತ್ರ. ಅದರ ಕೆಳಗೆ ಆರೇಳು ಸೆಂಟಿಮೀಟರ್ ಬಿಳಿ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಕಲ್ಲಿದ್ದಲಿನ ಕಿಟ್ಟ, ಅದಕ್ಕೂ ಕೆಳಗೆ ಜಲ್ಲಿ ಮತ್ತು ದಪ್ಪ ಕಲ್ಲುಗಳು. ಅಲ್ಲಿ ಆಟಕ್ಕೆ ಆಸರೆಯಾಗಿರುವುದು ಆ ಬಿಳಿ ಪದರ, ಮತ್ತು ಅದು ಹಿಡಿದಿಟ್ಟುಕೊಳ್ಳುವ ತೇವ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಉದ್ದನೆಯ ನೀರಿನ ಪೈಪು, ಐದು ರೂಪಾಯಿಯ ಹಳದಿ ನಾಣ್ಯ, ಸೀಮೆಸುಣ್ಣ, ಗಾರೆಯವರು ಬಳಸುವ ಹತ್ತಡಿಯ ಅಲ್ಯೂಮಿನಿಯಂ ಪಟ್ಟಿ, ಅವರದೇ ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ), ಒಂದು ಸ್ಕ್ರೂಡ್ರೈವರ್, ಅಳತೆಯ ಟೇಪು, ಎರಡು ಹೊಸ ಚೆಂಡು, ಮತ್ತು ತಾರೀಕು ಹಾಕಿ ಬರೆದಿಡಲು ಒಂದು ಪುಸ್ತಕ. ಪುಸ್ತಕವನ್ನು ಯಾರೂ ಇಡುವುದಿಲ್ಲ. ಆದರೆ ಎರಡು ವರ್ಷದ ಟಿಪ್ಪಣಿ ಕೈಯಲ್ಲಿದ್ದರೆ ಅರ್ಧ ರೋಗ ತಾನಾಗಿ ತಿಳಿಯುತ್ತದೆ.

ಮಳೆ ನಿಂತು ಗಂಟೆ ಕಳೆದರೂ ನೀರು ಆರುವುದಿಲ್ಲ

ಮಳೆ ನಿಂತ ಕೂಡಲೇ ಅಲ್ಲಲ್ಲಿ ನೀರು ಕಾಣುವುದು ದೋಷವಲ್ಲ. ಸುಮಾರು 21 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಒಂದು ಗಂಟೆ ಬಿಟ್ಟು ನೋಡಿದಾಗಲೂ ಎರಡು ಮಿಲಿಮೀಟರಿಗೆ ಹತ್ತಿರದಷ್ಟು ನೀರು ನಿಂತಿದ್ದರೆ ಅದನ್ನು ತಗ್ಗು ಎಂದು ಎಣಿಸಬೇಕು. ಐದು ರೂಪಾಯಿಯ ಹಳದಿ ನಾಣ್ಯ ಹೆಚ್ಚುಕಡಿಮೆ ಅಷ್ಟೇ ದಪ್ಪವಿರುತ್ತದೆ. ಅದನ್ನು ನೀರಿನ ನಡುವೆ ಇಡಿ. ನಾಣ್ಯ ಪೂರ್ತಿ ಮುಳುಗಿದರೆ ಸರಿಪಡಿಸಬೇಕಾದ ತಗ್ಗು, ಮೇಲ್ಭಾಗ ಒಣಗಿಯೇ ಉಳಿದರೆ ವೈಪರ್‌ನಿಂದ ತಳ್ಳಿ ಆಟ ಮುಂದುವರಿಸಬಹುದು.

ನೀರು ಅಂಚಿನ ಉದ್ದಕ್ಕೂ ನಿಂತಿದ್ದರೆ ಅಂಕಣವನ್ನು ಬೈಯುವ ಮೊದಲು ಬೇಲಿಯ ಬುಡ ನೋಡಿ. ಹೊರಗಿನ ಮಣ್ಣು ವರ್ಷಗಳಲ್ಲಿ ಏರಿ ಅಂಕಣದ ಅಂಚಿಗಿಂತ ಎತ್ತರವಾಗಿರುತ್ತದೆ, ಹುಲ್ಲು ಬೆಳೆದು ಒಡ್ಡಿನಂತೆ ನಿಂತಿರುತ್ತದೆ, ಅಥವಾ ಕಟ್ಟೆಯಲ್ಲಿ ಬಿಟ್ಟ ನೀರಿನ ಕಂಡಿಗಳಲ್ಲಿ ಎಲೆ ತುಂಬಿರುತ್ತದೆ. ಒಂದು ಸಲಿಕೆ ಮತ್ತು ಅರ್ಧ ದಿನದ ಕೆಲಸ. ನಾನು ನೋಡಿದ ನೀರು ನಿಲ್ಲುವ ದೂರುಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿದಿವೆ.

ಮಳೆಯೇ ಇಲ್ಲದ ದಿನಗಳಲ್ಲೂ ಒಂದೇ ಜಾಗ ತೇವವಾಗಿದ್ದರೆ ಅದು ಇಳಿಜಾರಿನ ಪ್ರಶ್ನೆಯಲ್ಲ, ಎಲ್ಲೋ ಪೈಪು ಸೋರುತ್ತಿದೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಪ್ಲಂಬರನ್ನು ಕರೆಯಬೇಕು.

ಇವೆರಡೂ ಅಲ್ಲವಾದರೆ ಇಳಿಜಾರನ್ನು ಅಳೆಯಬೇಕು. ಹೊರಾಂಗಣದ ಗಟ್ಟಿ ಅಂಕಣ ಒಂದೇ ಹಾಳೆಯಂತೆ ಒಂದೇ ದಿಕ್ಕಿಗೆ, ಶಕ್ಯವಿದ್ದರೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ನೂರಕ್ಕೆ ಒಂದರಂತೆ ವಾಲಿರಬೇಕು. ಸುತ್ತಲಿನ ಜಾಗವೂ ಸೇರಿ ಅಂಕಣದ ಅಗಲ ಸಾಮಾನ್ಯವಾಗಿ 18.28 ಮೀಟರ್, ಅಂದರೆ ಅರವತ್ತು ಅಡಿ. ಹಾಗಾಗಿ ಎರಡು ಪಕ್ಕಗಳ ನಡುವೆ ಸುಮಾರು 18 ಸೆಂಟಿಮೀಟರ್ ವ್ಯತ್ಯಾಸ ಬರಬೇಕು. ಇಷ್ಟು ಉದ್ದಕ್ಕೆ ದಾರ ಕಟ್ಟಿದರೆ ನಡುವೆ ಜೋಲುತ್ತದೆ, ಆದ್ದರಿಂದ ಟ್ಯೂಬ್ ಲೆವೆಲ್ ಹಿಡಿದೇ ಅಳೆಯಿರಿ. ವ್ಯತ್ಯಾಸ ತೀರಾ ಕಡಿಮೆಯಿದ್ದರೆ, ಅಥವಾ ಎರಡೂ ತುದಿಗಳಿಂದ ನೀರು ನೆಟ್ಟಿನ ಕಡೆಗೆ ಇಳಿಯುವಂತೆ ಕಟ್ಟಿದ್ದರೆ, ಅದು ಕಟ್ಟುವಾಗಲೇ ಆದ ತಪ್ಪು. ಅದನ್ನು ತೇಪೆ ಹಾಕಿ ಸರಿಮಾಡಲಾಗದು, ಹೊಸ ಡಾಂಬರು ಪದರವನ್ನೇ ಹಾಕಬೇಕಾಗುತ್ತದೆ. ಇಲ್ಲಿ ನಿಲ್ಲಿಸಿ ಎಂಜಿನಿಯರನ್ನು ಕರೆಯಿರಿ.

ಇಳಿಜಾರು ಸರಿಯಿದ್ದು ಅಲ್ಲೊಂದು ಇಲ್ಲೊಂದು ತಗ್ಗು ಮಾತ್ರ ಇದ್ದರೆ ಕೆಲಸ ಸುಲಭ. ಅಂಕಣಕ್ಕೆ ಪೂರ್ತಿ ನೀರು ಹಾಯಿಸಿ, ಒಂದು ಗಂಟೆ ಕಾದು, ನಿಂತ ನೀರಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಒಣಗಿದ ಮೇಲೆ ಪಟ್ಟಿ ಅಡ್ಡ ಇಟ್ಟು ಆಳ ಅಳೆದು ಬರೆದುಕೊಳ್ಳಿ. ಅಕ್ರಿಲಿಕ್ ತೇಪೆಯ ಬೈಂಡರಿಗೆ, ಅಂದರೆ ಅಂಟುದ್ರವಕ್ಕೆ, ಮರಳು ಮತ್ತು ಸಿಮೆಂಟು ಬೆರೆಸಿ, ಗುರುತಿನೊಳಗೆ ತುಂಬಿ ಪಟ್ಟಿಯಿಂದ ಎಳೆಯುತ್ತಾರೆ. ಆಳ ಹೆಚ್ಚಿದ್ದರೆ ಒಂದೇ ಸಲ ದಪ್ಪಗೆ ತುಂಬಬಾರದು, ಪದರ ಪದರವಾಗಿ ಒಣಗಲು ಬಿಡಬೇಕು. ಕೊನೆಯಲ್ಲಿ ಮತ್ತೆ ನೀರು ಹಾಯಿಸಿ ನೋಡದೆ ಬಣ್ಣಕ್ಕೆ ಒಪ್ಪಿಗೆ ಕೊಡಬೇಡಿ. ಅದೇ ತಗ್ಗು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಕೆಳಗಿನ ನೆಲ ಕುಸಿಯುತ್ತಿದೆ ಎಂದರ್ಥ. ಆಗ ತೇಪೆ ಹಾಕಿದ ದುಡ್ಡು ವ್ಯರ್ಥ.

ನೀರು ಇಂಗಲಿ ಎಂದು ತಗ್ಗಿನ ನಡುವೆ ಡ್ರಿಲ್ ಹಾಕಿ ತೂತು ಕೊರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿದ್ದ ನೀರನ್ನು ಜಲ್ಲಿಯ ಪದರಕ್ಕೆ ನಾವೇ ಕೈಯಾರೆ ಇಳಿಸಿದಂತಾಗುತ್ತದೆ, ಮುಂದಿನ ವರ್ಷ ಆ ತೂತಿನ ಸುತ್ತಲೇ ನೆಲ ಕುಸಿಯುತ್ತದೆ.

ಬಿರುಕು ಬಿಟ್ಟಿದೆ

ಬಿರುಕಿನ ಅಗಲಕ್ಕಿಂತ ಅದರ ಆಕಾರ ಮತ್ತು ನಡತೆ ಮುಖ್ಯ. ಕೂದಲೆಳೆಯಷ್ಟು ಸಣ್ಣ ಗೀರುಗಳು ಬಲೆಯಂತೆ ಹಬ್ಬಿದ್ದರೆ ಬಣ್ಣದ ಪದರ ವಯಸ್ಸಾಗಿ ಬಿರಿದಿದೆ, ಅಥವಾ ದಪ್ಪಗೆ ಬಳಿದ ಕೋಟು ಬಿಸಿಲಿಗೆ ಬೇಗ ಒಣಗಿದೆ. ಉಗುರಿನಿಂದ ಕೆರೆದಾಗ ಗೀರು ಬಣ್ಣದಲ್ಲೇ ನಿಂತುಹೋದರೆ ಗಾಬರಿ ಬೇಡ, ಮುಂದಿನ ಬಣ್ಣದ ಕೆಲಸದ ತನಕ ಕಾಯಬಹುದು.

ಕಾಂಕ್ರೀಟ್ ಅಂಕಣದಲ್ಲಿ ಬಿರುಕು ಪಟ್ಟಿ ಹಿಡಿದು ಎಳೆದಂತೆ ನೇರವಾಗಿದ್ದರೆ ಅದು ಹಲಗೆಗಳ ನಡುವಿನ ಕೀಲು. ಕೀಲು ಇರುವುದೇ ಅಲುಗಾಡಲು. ಅದರ ಮೇಲೆ ಗಡಸು ಮಿಶ್ರಣ ತುಂಬಿ ಬಣ್ಣ ಬಳಿದರೆ ಒಂದೇ ಬೇಸಿಗೆಯಲ್ಲಿ ಮತ್ತೆ ಸೀಳುತ್ತದೆ. ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿ, ಅಲ್ಲೊಂದು ತೆಳು ಗೆರೆ ಕಾಣುತ್ತಲೇ ಇರುತ್ತದೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಪರಿಹಾರ.

ಅಂಚಿನಿಂದ ಒಳಗೆ ಬರುವ, ನಡುವೆ ಉಬ್ಬಿರುವ ಬಿರುಕಿಗೆ ಬಹುತೇಕ ಮರದ ಬೇರು ಕಾರಣ. ಬೆಂಗಳೂರಿನ ಹಳೆಯ ಆವರಣಗಳಲ್ಲಿ ಮಳೆಮರ, ಗುಲ್‌ಮೊಹರ್ ಮತ್ತು ಅತ್ತಿಯ ಬೇರುಗಳು ಬೇಲಿ ದಾಟಿ ಡಾಂಬರಿನ ಕೆಳಗೆ ತೇವ ಹುಡುಕಿಕೊಂಡು ಬರುತ್ತವೆ. ಬಿರುಕಿನ ದಿಕ್ಕನ್ನು ಹಿಂದಕ್ಕೆ ಹಿಡಿದು ಹೋದರೆ ಮರ ಎದುರಿಗೇ ಸಿಗುತ್ತದೆ. ಬೇಲಿಯ ಹೊರಗೆ ಗುಂಡಿ ತೋಡಿ ಬೇರನ್ನು ಕಂಡುಕೊಂಡ ಮೇಲೆ ಮುಂದಿನ ಮಾತು. ದಪ್ಪ ಬೇರನ್ನು ಮನಸ್ಸಿಗೆ ಬಂದಂತೆ ಕಡಿದರೆ ಮರ ಗಾಳಿಗೆ ಉರುಳಬಹುದು, ಅದರಿಂದ ಪ್ರಾಣಾಪಾಯವೂ ಆಗಬಹುದು. ಮರಗಳನ್ನು ಬಲ್ಲವರ ಸಲಹೆ ಮತ್ತು ಬೇಕಾದ ಅನುಮತಿ ಎರಡೂ ಸಿಗುವವರೆಗೆ ಗರಗಸ ಮುಟ್ಟಬಾರದು.

ಇನ್ನು ಉತ್ತರ ಕರ್ನಾಟಕದ ಅಂಕಣಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಎರೆಮಣ್ಣಿನ ವಿಚಾರ. ಎರೆನೆಲ ಮಳೆಗಾಲದಲ್ಲಿ ನೀರು ಕುಡಿದು ಊದುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಕಟ್ಟಿದ ಅಂಕಣವೂ ಅದರೊಡನೆ ಏರಿಳಿಯುತ್ತದೆ. ಇದನ್ನು ಪತ್ತೆ ಮಾಡಲು ಪೆನ್ಸಿಲ್ ಸಾಕು. ಬಿರುಕಿನ ಎರಡೂ ಬದಿಯಲ್ಲಿ ಎರಡು ಚುಕ್ಕಿ ಇಟ್ಟು, ಅವುಗಳ ನಡುವಿನ ಅಂತರವನ್ನು ಏಪ್ರಿಲ್‌ನಲ್ಲಿ, ಆಗಸ್ಟ್‌ನಲ್ಲಿ, ಮತ್ತೆ ಡಿಸೆಂಬರ್‌ನಲ್ಲಿ ಅಳೆದು ಬರೆದಿಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ ಕೆಳಗಿನ ಮಣ್ಣು ಉಸಿರಾಡುತ್ತಿದೆ. ಅಂಥ ಬಿರುಕಿಗೆ ಏಪ್ರಿಲ್‌ನಲ್ಲಿ ಗಡಸು ಮಿಶ್ರಣ ತುಂಬಿದರೆ ಮಳೆಗಾಲದಲ್ಲಿ ಅದು ಒತ್ತಿಕೊಂಡು ದಿಣ್ಣೆಯಾಗಿ ಮೇಲೇಳುತ್ತದೆ.

ಈ ಮಣ್ಣಿನ ಸ್ವಭಾವವನ್ನು ನಮ್ಮ ನೆಲದಲ್ಲೇ ಆಳವಾಗಿ ಅಭ್ಯಾಸ ಮಾಡಿದ್ದಾರೆ. ಎರೆಮಣ್ಣನ್ನು ಒಂದು ಆಳದವರೆಗೆ ತೆಗೆದು, ಊದಿಕೊಳ್ಳದ ಆದರೆ ಅಂಟುಗುಣವಿರುವ ಮಣ್ಣಿನ ಪದರವನ್ನು ದಮ್ಮಸು ಮಾಡಿ ಹಾಕುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ರೂಪಿಸಿದರು, ಮಲಪ್ರಭಾ ಕಾಲುವೆಗಳಲ್ಲಿ ಅದು ಬಳಕೆಗೆ ಬಂತು. ಅಂಕಣಕ್ಕೂ ದಾರಿ ಅದೇ, ಆದರೆ ಅದು ಹೊಸದಾಗಿ ಕಟ್ಟುವಾಗಿನ ಮಾತು. ಈಗಾಗಲೇ ಇರುವ ಅಂಕಣದಲ್ಲಿ ನಾವು ಮಾಡಬಹುದಾದದ್ದು ತೇವದ ಏರಿಳಿತವನ್ನು ತಗ್ಗಿಸುವುದು: ಸುತ್ತಲೂ ನೀರಿಳಿಯದ ಅಂಚುಗಟ್ಟೆ ಕಟ್ಟಿ, ಮಳೆನೀರನ್ನು ದೂರ ಸಾಗಿಸಿ, ಪಕ್ಕದಲ್ಲಿ ಹೂಪಾತಿಗಳನ್ನು ಮಾಡದಿರುವುದು.

ಬಿರುಕಿನ ಒಂದು ಅಂಚು ಇನ್ನೊಂದಕ್ಕಿಂತ ಎತ್ತರವಾಗಿದ್ದು ಶೂ ತಗಲುವಂತಿದ್ದರೆ ಆ ದಿನವೇ ಆಟ ನಿಲ್ಲಿಸಿ. ಹಿಂದಕ್ಕೆ ಓಡುತ್ತಾ ಚೆಂಡನ್ನೇ ನೋಡುವ ಆಟಗಾರ ಕಾಲ ಕೆಳಗೆ ನೋಡುವುದಿಲ್ಲ. ಕಣಕಾಲು ಮುರಿಯಲು ಅರ್ಧ ಇಂಚು ಸಾಕು.

ಗುಳ್ಳೆ ಎದ್ದಿದೆ, ಬಣ್ಣ ಸುಲಿಯುತ್ತಿದೆ

ಗುಳ್ಳೆಯನ್ನು ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ನೋಡಿ. ಬೆಳಿಗ್ಗೆ ಸುಕ್ಕುಗಟ್ಟಿ ಮಲಗಿದ್ದು ಮಧ್ಯಾಹ್ನ ಪೂರಿಯಂತೆ ಉಬ್ಬಿದರೆ ಒಳಗೆ ಆವಿ ಸಿಕ್ಕಿಕೊಂಡಿದೆ. ಎರಡು ಹೊತ್ತಿಗೂ ಒಂದೇ ರೀತಿ ಇದ್ದರೆ ಬಣ್ಣ ಬರೀ ಅಂಟು ಬಿಟ್ಟಿದೆ.

ಮಲೆನಾಡಿನ ಅಂಚಿನ ಒಂದು ಕಾಲೇಜಿನ ಕಾಂಕ್ರೀಟ್ ಅಂಕಣ ನನಗೆ ಇದನ್ನು ಕಲಿಸಿತು. ಎರಡು ಸಲ ಬಣ್ಣ ಮಾಡಿಸಿದ್ದರೂ ಒಂದೇ ಕಡೆಯ ಸರ್ವಿಸ್ ಬಾಕ್ಸಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಮಧ್ಯಾಹ್ನ ಅಂಗೈಯಗಲದ ಒಂದು ಗುಳ್ಳೆಯನ್ನು ಬ್ಲೇಡಿನಿಂದ ನಾಲ್ಕು ಕಡೆ ಕೊಯ್ದು ಎತ್ತಿದೆ. ಒಳಗೆ ನೀರಿನ ಹನಿಗಳು ಸಾಲಾಗಿ ಕೂತಿದ್ದವು, ಹಸಿ ಸಿಮೆಂಟಿನ ವಾಸನೆ ಬಂತು, ಸಿಪ್ಪೆಯ ಹಿಂಬದಿಯಲ್ಲಿ ವಿಭೂತಿಯಂಥ ಬಿಳಿ ಪುಡಿ ಹತ್ತಿತ್ತು. ತಲೆಯೆತ್ತಿ ನೋಡಿದರೆ ಅಂಕಣದ ಮೇಲ್ಭಾಗದ ಇಳಿಜಾರಿನಲ್ಲಿ ಕ್ರೋಟನ್ ಗಿಡಗಳ ಪಾತಿ, ಅದಕ್ಕೆ ದಿನಾ ಸಂಜೆ ಮಾಲಿ ನೀರು ಬಿಡುತ್ತಿದ್ದ. ಕಾಂಕ್ರೀಟಿನ ಕೆಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಸಿರಲಿಲ್ಲ ಎಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಪಾತಿಯನ್ನು ಬೇರೆ ಕಡೆಗೆ ಒಯ್ದು, ಅಂಕಣದ ಮೇಲಂಚಿನ ಉದ್ದಕ್ಕೂ ಕಾಲುವೆ ತೋಡಿ, ತೂತಿನ ಪೈಪು ಇಟ್ಟು ಜಲ್ಲಿ ತುಂಬಿಸಿದೆವು. ಒಂದು ಪೂರ್ತಿ ಬೇಸಿಗೆ ಒಣಗಲು ಬಿಟ್ಟ ಮೇಲೆಯೇ ಬಣ್ಣ ಮಾಡಿಸಿದ್ದು. ಗುಳ್ಳೆಗಳು ಮತ್ತೆ ಬರಲಿಲ್ಲ.

ಸಿಪ್ಪೆಯ ಹಿಂಬದಿಯನ್ನು ಓದುವುದನ್ನು ಎಲ್ಲರೂ ಕಲಿಯಬೇಕು. ತೇವವಿಲ್ಲದೆ ಬರೀ ಬಿಳಿ ಪುಡಿಯಿದ್ದರೆ ಕಾಂಕ್ರೀಟಿನ ಮೇಲಿನ ಸಡಿಲ ಸಿಮೆಂಟನ್ನು ತೆಗೆಯದೆ ಬಣ್ಣ ಬಳಿದಿದ್ದಾರೆ. ಮಣ್ಣುಧೂಳು ಅಂಟಿದ್ದರೆ ಸರಿಯಾಗಿ ತೊಳೆದಿಲ್ಲ. ಒಂದು ಬಣ್ಣದ ಕೋಟು ಇನ್ನೊಂದರಿಂದ ಬಿಟ್ಟುಕೊಂಡಿದ್ದರೆ ಮಂಜು ಬಿದ್ದ ಮೇಲೆ ಅಥವಾ ಕೆಳಗಿನ ಕೋಟು ಒಣಗುವ ಮುನ್ನವೇ ಮೇಲಿನದನ್ನು ಎಳೆದಿದ್ದಾರೆ. ಡಾಂಬರಿನ ಚೂರುಗಳೇ ಕಿತ್ತುಬಂದಿದ್ದರೆ ಬಣ್ಣದ ತಪ್ಪಿಲ್ಲ, ತಳವೇ ಸತ್ವ ಕಳೆದುಕೊಂಡಿದೆ. ಹತ್ತಾರು ವರ್ಷಗಳ ಕೋಟುಗಳು ರೊಟ್ಟಿಯಷ್ಟು ದಪ್ಪಗೆ ಕೂಡಿ ಒಟ್ಟಿಗೆ ಏಳುತ್ತಿದ್ದರೆ ಇನ್ನೊಂದು ಕೋಟು ಬಳಿಯುವುದರಿಂದ ಪ್ರಯೋಜನವಿಲ್ಲ, ಎಲ್ಲವನ್ನೂ ಉಜ್ಜಿ ತೆಗೆಸಬೇಕು.

ಮತ್ತೆ ಬಣ್ಣ ಮಾಡಿಸುವ ಮುನ್ನ ಕಾಂಕ್ರೀಟಿನ ತೇವ ನೋಡುವ ಸುಲಭ ಪರೀಕ್ಷೆಯೊಂದಿದೆ. 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಬಿಗಿಯಾಗಿ ಅಂಟಿಸಿ ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ, ಬಣ್ಣದ ಕೆಲಸ ಮುಂದಕ್ಕೆ ಹೋಗಬೇಕು. ಹೊಸ ಕಾಂಕ್ರೀಟಿಗೆ 28 ದಿನ, ಹೊಸ ಡಾಂಬರಿಗೆ ಎರಡರಿಂದ ನಾಲ್ಕು ವಾರ ಬಿಡದೆ ಬಣ್ಣ ಮುಟ್ಟಿಸಬಾರದು. ಉದ್ಘಾಟನೆಯ ತಾರೀಕು ಮೊದಲೇ ಗೊತ್ತಾಗಿರುವ ಕಡೆಗಳಲ್ಲಿ ಈ ನಿಯಮ ಮುರಿಯುತ್ತದೆ, ಅದರ ಫಲವನ್ನು ಮುಂದಿನ ಹತ್ತು ವರ್ಷ ಆಡುವ ಮಕ್ಕಳು ಅನುಭವಿಸುತ್ತಾರೆ.

ಸುರಕ್ಷತೆಯ ಮಾತು ಇಲ್ಲಿ ಗಂಭೀರವಾದದ್ದು. ಕಾಂಕ್ರೀಟನ್ನು ಒರಟಾಗಿಸಲು ಬಳಸುವ ಮ್ಯೂರಿಯಾಟಿಕ್ ಆಸಿಡ್ಡನ್ನು ಕನ್ನಡಕ, ರಬ್ಬರ್ ಕೈಗವಸು ಮತ್ತು ಬೂಟು ಇಲ್ಲದೆ ಮುಟ್ಟಬಾರದು. ಯಾವಾಗಲೂ ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರನ್ನಲ್ಲ. ಹಳೆಯ ಬಣ್ಣವನ್ನು ಯಂತ್ರದಿಂದ ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೆಲಸಗಾರರು ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಸಾಲದು. ಧೂಳು ಎಳೆಯುವ ಯಂತ್ರ ಅಥವಾ ನೀರು ಹಾಯಿಸಿ ಉಜ್ಜುವ ವ್ಯವಸ್ಥೆ, ಜೊತೆಗೆ ಎನ್95 ಮಟ್ಟದ ಮಾಸ್ಕ್ ಇಲ್ಲದಿದ್ದರೆ ಕೆಲಸ ನಿಲ್ಲಿಸಿ.

ಕಾಲು ಜಾರುತ್ತದೆ

ಮೊದಲು ಗುಡಿಸಿ, ಆಮೇಲೆ ತೊಳೆದು ಒಣಗಿಸಿ ಆಡಿ ನೋಡಿ. ಜಾರುವುದು ನಿಂತರೆ ಧೂಳೇ ಕಾರಣ. ಮರದ ನೆರಳಿರುವ ಭಾಗದಲ್ಲಿ, ಗೋಡೆಯ ಬದಿಯಲ್ಲಿ ಮಾತ್ರ ಜಾರುತ್ತಿದ್ದು ಅಲ್ಲಿ ಕಪ್ಪು ಅಥವಾ ಹಸಿರು ಛಾಯೆ ಕಂಡರೆ ಅದು ಪಾಚಿ. ತೆಳುಮಾಡಿದ ಬ್ಲೀಚಿಂಗ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಮೆದು ಬ್ರಶ್ಶಿನಿಂದ ತಿಕ್ಕಿದರೆ ಹೋಗುತ್ತದೆ. ತಂತಿಯ ಬ್ರಶ್ ಬೇಡ, ಬಣ್ಣದಲ್ಲಿರುವ ಮರಳೂ ಕಿತ್ತುಬರುತ್ತದೆ. ಬ್ಲೀಚಿಂಗ್ ದ್ರಾವಣವನ್ನು ಆಸಿಡ್ ಅಥವಾ ಶೌಚಾಲಯ ತೊಳೆಯುವ ದ್ರವದೊಡನೆ ಎಂದಿಗೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ತೊಳೆದ ಮೇಲೂ ಬೇಸ್‌ಲೈನಿನ ಹಿಂದೆ, ಸರ್ವ್ ಮಾಡುವವರು ನಿಲ್ಲುವ ಜಾಗ ಜಾರುತ್ತಿದ್ದರೆ ಅಂಗೈ ಆಡಿಸಿ ನೋಡಿ. ಬೇಲಿಯ ಬದಿಯ ನೆಲ ಉಪ್ಪುಕಾಗದದಂತೆ ಒರಟಾಗಿದ್ದು ಇಲ್ಲಿ ಮಾತ್ರ ನುಣುಪಾಗಿದ್ದರೆ ಮರಳು ಸವೆದಿದೆ, ಮರಳು ಬೆರೆಸಿದ ಹೊಸ ಕೋಟಿನ ಕಾಲ ಬಂದಿದೆ. ಬಿಳಿ ಗೆರೆಗಳ ಮೇಲೆ ಮಾತ್ರ ಜಾರಿದರೆ ಗೆರೆಗೆ ಮರಳಿಲ್ಲದ ಸಾಮಾನ್ಯ ಬಣ್ಣ ಬಳಸಿದ್ದಾರೆ. ಅದನ್ನು ಬಳಿದವರಿಂದಲೇ ಸರಿಪಡಿಸಿಕೊಳ್ಳಿ.

ಚೆಂಡು ಸರಿಯಾಗಿ ಪುಟಿಯುವುದಿಲ್ಲ

ಚೆಂಡು ಹಳೆಯದಾಗಿದ್ದರೆ ಅಂಕಣದ ಮೇಲೆ ತಪ್ಪು ಹೊರಿಸಬೇಡಿ. ಹೊಸ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು ಎಂಬುದು ಸಾಮಾನ್ಯ ಚೆಂಡಿಗೆ ಇರುವ ನಿಯಮ. ಗೋಡೆಗೆ ಅಳತೆಯ ಟೇಪು ಅಂಟಿಸಿ ಮೊದಲು ಚೆಂಡನ್ನೇ ಪರೀಕ್ಷಿಸಿ. ಆಮೇಲೆ ಅದೇ ಚೆಂಡನ್ನು, ಟೇಪು ಕಟ್ಟಿದ ಒಂದು ಕೋಲಿನ ಪಕ್ಕದಲ್ಲಿ ಅದೇ ಎತ್ತರದಿಂದ, ಅಂಕಣದ ಒಳ್ಳೆಯ ಜಾಗದಲ್ಲಿ ಐದು ಸಲ, ಅನುಮಾನದ ಜಾಗದಲ್ಲಿ ಐದು ಸಲ ಬಿಟ್ಟು ಹೋಲಿಸಿ. ಗಟ್ಟಿ ಅಂಕಣದಲ್ಲಿ ಚೆಂಡು ಸತ್ತಂತೆ ಬೀಳುವ ಜಾಗವನ್ನು ನಾಣ್ಯದಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಪದರ ಅಂಟು ಬಿಟ್ಟಿದೆ. ಮೆತ್ತೆಯ ಅಂಕಣದಲ್ಲಾದರೆ ರಬ್ಬರ್ ಪದರ ನೀರು ಕುಡಿದಿರಬಹುದು.

ಚೆಂಡು ಎಲ್ಲೆಡೆಯೂ ಒಂದೇ ಸಮನೆ ನಿಧಾನವಾಗಿ ಅಥವಾ ವೇಗವಾಗಿ ಬರುತ್ತಿದ್ದರೆ ಅದು ದೋಷವಲ್ಲ, ಮೇಲ್ಮೈಯ ಗುಣ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅಂಕಣಗಳನ್ನು ವೇಗದ ಮೇಲೆ ನಿಧಾನದಿಂದ ಶೀಘ್ರದವರೆಗೆ ಐದು ವರ್ಗಗಳಾಗಿ ವಿಂಗಡಿಸುತ್ತದೆ. ಮರಳು ಒರಟಾಗಿದ್ದಷ್ಟೂ ಚೆಂಡು ನಿಧಾನ, ಸವೆದಷ್ಟೂ ವೇಗ.

ಮಣ್ಣಿನ ಅಂಕಣ: ಧೂಳು ಏಳುತ್ತದೆ, ಹೆಜ್ಜೆ ಹೂಳುತ್ತದೆ, ಮೇಲ್ಮೈ ಬಿರಿಯುತ್ತದೆ

ಮಣ್ಣಿನ ಅಂಕಣದ ಆರೋಗ್ಯವೆಲ್ಲ ತೇವದ ಹದದಲ್ಲಿದೆ. ಆಟದ ನಡುವೆ ಧೂಳು ಎದ್ದರೆ ನೀರು ಸಾಲದು ಎನ್ನುವುದು ಎಲ್ಲರಿಗೂ ಗೊತ್ತು, ಆದರೆ ನೀರು ಬಿಟ್ಟಿದ್ದೇವಲ್ಲ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಸ್ಕ್ರೂಡ್ರೈವರನ್ನು ನೆಲಕ್ಕೆ ಚುಚ್ಚಿ ತೆಗೆದು ನೋಡಿ. ಮೇಲಿನ ಅರ್ಧ ಇಂಚು ಒದ್ದೆಯಾಗಿ ಕೆಳಗೆಲ್ಲ ಒಣಗಿದ್ದರೆ ಬೆಳಿಗ್ಗೆ ಬಿಸಿಲಿನಲ್ಲಿ ಚಿಮುಕಿಸುವುದರಿಂದ ಉಪಯೋಗವಿಲ್ಲ. ಆಟ ಮುಗಿದ ಮೇಲೆ, ರಾತ್ರಿಯಿಡೀ ಇಳಿಯುವಂತೆ, ನಿಧಾನವಾಗಿ ನೆನೆಸಬೇಕು.

ರೋಲರ್ ಎಳೆಯುವ ಹೊತ್ತು ಹಿಡಿಯುವುದೂ ಒಂದು ವಿದ್ಯೆ. ಹೆಬ್ಬೆರಳು ಒತ್ತಿದಾಗ ಗುರುತು ಮೂಡಬೇಕು, ಮಣ್ಣು ಬೆರಳಿಗೆ ಅಂಟಬಾರದು. ಅಂಟಿದರೆ ರೋಲರಿಗೂ ಅಂಟಿಕೊಂಡು ಮೇಲ್ಪದರ ಕಿತ್ತುಬರುತ್ತದೆ, ಗುರುತೇ ಮೂಡದಿದ್ದರೆ ಎಷ್ಟು ಎಳೆದರೂ ನೆಲ ಕೂಡಿಕೊಳ್ಳುವುದಿಲ್ಲ. ಹಳೆಯ ಕ್ಲಬ್ಬುಗಳಲ್ಲಿ ಅಂಕಣ ನೋಡಿಕೊಳ್ಳುವ ಮಾರ್ಕರ್‌ಗಳು ಬರಿಗಾಲಲ್ಲಿ ಒಂದು ಸುತ್ತು ನಡೆದು ಈ ಹದವನ್ನು ಹೇಳುತ್ತಿದ್ದರು. ಅಂಥವರು ನಿಮ್ಮಲ್ಲಿದ್ದರೆ ಅವರು ನಿವೃತ್ತರಾಗುವ ಮುನ್ನ ಹೊಸಬರನ್ನು ಅವರ ಜೊತೆ ನಿಲ್ಲಿಸಿ ಕಲಿಸಿ.

ಒಣಗಿದಾಗ ಮೇಲ್ಮೈ ಕೆರೆಯಂಗಳದಂತೆ ಹಪ್ಪಳಗಟ್ಟಿ ಬಿರಿಯುತ್ತಿದ್ದರೆ ಜೇಡಿ ಹೆಚ್ಚಾಗಿದೆ. ಹೆಜ್ಜೆಯಿಟ್ಟಲ್ಲೆಲ್ಲ ಸಡಿಲಾಗಿ ಹೂಳುತ್ತಿದ್ದರೆ ಮರಳು ಹೆಚ್ಚಾಗಿದೆ. ಇದನ್ನು ಖಚಿತಪಡಿಸಿಕೊಳ್ಳಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಅಂಕಣದ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ಮರಳು ಮೊದಲ ನಿಮಿಷದಲ್ಲೇ ತಳ ಸೇರುತ್ತದೆ, ಹೂಳು ಅದರ ಮೇಲೆ ಕೂರುತ್ತದೆ, ಜೇಡಿ ಎಲ್ಲಕ್ಕಿಂತ ನಿಧಾನವಾಗಿ ಮೇಲೆ ನೆಲೆಸುತ್ತದೆ. ಪದರಗಳ ದಪ್ಪ ನೋಡಿದರೆ ಏನು ಸೇರಿಸಬೇಕೆಂದು ಗೊತ್ತಾಗುತ್ತದೆ. ಮಿಶ್ರಣವನ್ನು ಮೊದಲು ಒಂದು ಮೂಲೆಯಲ್ಲಿ ಚಾಪೆಯಗಲ ಮಾಡಿ ವಾರವಿಡೀ ಆಡಿ ನೋಡಿ, ಆಮೇಲೆ ಇಡೀ ಅಂಕಣಕ್ಕೆ ಹಾಕಿ.

ಬೇಲಿಯ ಬದಿಯಲ್ಲಿ ಮಾತ್ರ ನೀರು ನಿಲ್ಲುತ್ತಿದ್ದರೆ ಮೇಲ್ಮೈ ಸಮಮಾಡಲು ದಿನವೂ ನೆಲದ ಮೇಲೆ ಬಲೆ ಎಳೆಯುವ ಕ್ರಮವನ್ನು ಗಮನಿಸಿ. ಒಳಗಿನಿಂದ ಹೊರಗೆ ಎಳೆದು ಅಂಚಿನಲ್ಲಿ ನಿಲ್ಲಿಸುತ್ತಿದ್ದರೆ ಇಟ್ಟಿಗೆ ಪುಡಿಯೆಲ್ಲ ಅಲ್ಲಿ ದಿಣ್ಣೆಯಾಗಿ ಕೂಡಿರುತ್ತದೆ. ಹೊರಗಿನಿಂದ ಸುತ್ತು ಹಾಕುತ್ತಾ ನಡುವಿಗೆ ಬಂದು ನಿಲ್ಲಿಸಬೇಕು. ಮಣ್ಣಿನ ಅಂಕಣದ ಇಳಿಜಾರು ಗಟ್ಟಿ ಅಂಕಣದ ಮೂರನೇ ಒಂದು ಭಾಗದಷ್ಟು ಮಾತ್ರ ಇರುವುದರಿಂದ ಇಂಥ ಸಣ್ಣ ದಿಣ್ಣೆಯೂ ನೀರನ್ನು ತಡೆಯುತ್ತದೆ. ಮಳೆಯ ಮರುದಿನವೂ ಒಂದೇ ಜಾಗ ಕೆಸರಾಗಿದ್ದು ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿದುಹೋದರೆ ಕೆಳಗಿನ ಜಲ್ಲಿಯ ಸಂದುಗಳಲ್ಲಿ ಮಣ್ಣು ತುಂಬಿಕೊಂಡಿದೆ. ಆ ಭಾಗವನ್ನು ಅಗೆದು ಕಟ್ಟದೆ ಬೇರೆ ದಾರಿಯಿಲ್ಲ.

ಸುಣ್ಣದ ಗೆರೆ ಹಾಕುವವರು ಸುಣ್ಣ ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು. ಬಿದ್ದರೆ ಉಜ್ಜದೆ ಧಾರಾಳವಾಗಿ ನೀರಿನಿಂದ ತೊಳೆಯುತ್ತಲೇ ಇದ್ದು ತಕ್ಷಣ ವೈದ್ಯರಲ್ಲಿಗೆ ಹೋಗಬೇಕು, ಏಕೆಂದರೆ ಸುಣ್ಣ ಕಣ್ಣನ್ನು ಸುಡುತ್ತದೆ.

ಹುಲ್ಲು ಮತ್ತು ಕೃತಕ ಹುಲ್ಲು

ನಿಜವಾದ ಹುಲ್ಲಿನ ಅಂಕಣ ನಮ್ಮಲ್ಲಿ ವಿರಳ. ವಿಂಬಲ್ಡನ್‌ನಲ್ಲಿ 2001ರಿಂದ ಪೂರ್ತಿ ರೈ ಹುಲ್ಲನ್ನೇ ಬೆಳೆಸಿ ಎಂಟು ಮಿಲಿಮೀಟರಿಗೆ ಕತ್ತರಿಸುತ್ತಾರೆ, ನಮ್ಮ ಹವೆಗೆ ಗರಿಕೆಯ ಜಾತಿಯೇ ಒಗ್ಗುತ್ತದೆ. ಚೆಂಡು ಕೆಳಮಟ್ಟದಲ್ಲಿ ಜಾರಿಕೊಂಡು ಬರುವುದು ಹುಲ್ಲಿನ ಸ್ವಭಾವ. ಪುಟಿಯದೆ ಕೂರುವುದು ಮಾತ್ರ ದೋಷ, ಅದಕ್ಕೆ ಕೆಳಗಿನ ಮಣ್ಣು ಮೆತ್ತಗಿರುವುದೇ ಕಾರಣ. ಕೃತಕ ಹುಲ್ಲಿನಲ್ಲಿ ನೀರು ನಿಂತರೆ ಎಳೆಗಳ ನಡುವಿನ ಮರಳು ಧೂಳಿನಿಂದ ಗಟ್ಟಿಯಾಗಿದೆ, ಗಡಸು ಬ್ರಶ್ಶಿನಿಂದ ಎಳೆಗಳಿಗೆ ಎದುರಾಗಿ ಎಳೆದರೆ ಬಹಳ ಸಲ ಸರಿಹೋಗುತ್ತದೆ. ಬೆಸುಗೆಯ ಗೆರೆ ಎದ್ದಿದ್ದರೆ ಅಂಟಿಸುವವರೆಗೆ ಆಟ ಬೇಡ.

ನೆಟ್ಟಿನ ಕಂಬ ವಾಲಿದೆ

ನೆಟ್ಟು ನಡುವೆ 91.4 ಸೆಂಟಿಮೀಟರ್, ಕಂಬದ ಬಳಿ 1.07 ಮೀಟರ್ ಇರಬೇಕು. ಟೇಪು ಇಲ್ಲದಾಗ ಒಂದು ರಾಕೆಟ್ಟನ್ನು ನಿಲ್ಲಿಸಿ, ಅದರ ಮೇಲೆ ಇನ್ನೊಂದರ ತಲೆಯನ್ನು ಅಡ್ಡ ಇಟ್ಟರೆ ನಡುವಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ನೆಟ್ಟು ಎಷ್ಟು ಬಿಗಿದರೂ ಜೋಲುತ್ತಿದ್ದರೆ ಹಗ್ಗವನ್ನು ಇನ್ನಷ್ಟು ಬಿಗಿಯುವ ಮುನ್ನ ಕಂಬಕ್ಕೆ ರಸಮಟ್ಟ ಹಿಡಿಯಿರಿ. ಕಂಬ ಒಳಗೆ ವಾಲಿದ್ದು ಬುಡದಿಂದ ಬಿರುಕುಗಳು ನಕ್ಷತ್ರದಂತೆ ಹರಡಿದ್ದರೆ ಅಡಿಪಾಯದ ಕಾಂಕ್ರೀಟ್ ಚಿಕ್ಕದಾಗಿದೆ ಅಥವಾ ಆ ಬಿರುಕುಗಳಿಂದ ನೀರು ಇಳಿದು ಬುಡ ಸಡಿಲವಾಗಿದೆ. ಪರೀಕ್ಷಿಸುವ ಮೊದಲು ನೆಟ್ಟನ್ನು ಪೂರ್ತಿ ಸಡಿಲಿಸಿ, ಅದನ್ನು ಬಿಗಿಯುವ ಹಿಡಿಕೆಯ ನೇರಕ್ಕೆ ಮುಖವಿಡಬೇಡಿ. ತಂತಿ ಬಿಗಿದ ಚಕ್ರದ ಹಲ್ಲು ಜಾರಿದರೆ ಹಿಡಿಕೆ ಗಿರ್ರನೆ ತಿರುಗಿ ಹಲ್ಲು, ಮಣಿಕಟ್ಟು ಮುರಿಯುತ್ತದೆ.

ಮಳೆಯ ನಂತರ ದೀಪದ ಕಂಬ ಮುಟ್ಟಿದಾಗ ಕೈ ಜುಮ್ಮೆಂದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಎಲ್ಲರನ್ನೂ ಹೊರಗೆ ಕಳುಹಿಸಿ, ಮುಖ್ಯ ಸ್ವಿಚ್ ಆರಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅಂಕಣದ ಬೀಗ ತೆರೆಯಬಾರದು.

ಗುತ್ತಿಗೆದಾರರನ್ನು ಕರೆಯುವಾಗ

ಎಷ್ಟು ಚದರಡಿ, ಎಷ್ಟು ಕೋಟು ಎಂಬುದರಿಂದ ಮಾತು ಆರಂಭಿಸಬೇಡಿ. ನೀರು ನಿಂತ ಜಾಗಗಳ ನಕ್ಷೆ, ಟ್ಯೂಬ್ ಲೆವೆಲ್ಲಿನ ಅಂಕಿಗಳು, ಬಿರುಕಿನ ಮೂರು ತಿಂಗಳುಗಳ ಅಳತೆ, ಕೊಯ್ದು ತೆಗೆದ ಬಣ್ಣದ ಸಿಪ್ಪೆ, ಇವಿಷ್ಟನ್ನು ಮುಂದಿಟ್ಟು ಕಾರಣ ಏನೆಂದು ಮೊದಲು ಅವರಿಂದಲೇ ಬರೆಸಿಕೊಳ್ಳಿ. ಅಂಕಣದ ಮೂಲ ಕೆಲಸದ ಕಡತ ಸಿಕ್ಕರೆ ಜಲ್ಲಿಯ ದಪ್ಪ, ಕಾಂಕ್ರೀಟಿನ ಕೆಳಗೆ ಹಾಳೆ ಹಾಸಿದ್ದರೋ ಇಲ್ಲವೋ ಎಂಬುದನ್ನೂ ನೋಡಿ. ಸಿಗದಿದ್ದರೆ ಬೇಲಿಯ ಪಕ್ಕ ಒಂದಡಿ ಚೌಕ ಅಗೆಸಿ ಪದರಗಳ ಫೋಟೋ ತೆಗೆದಿಡಿ. ಕೆಲಸ ಒಪ್ಪಿಸಿಕೊಳ್ಳುವ ದಿನ ಪೈಪಿನಿಂದ ನೀರು ಹಾಯಿಸಿ, ಗಡಿಯಾರ ನೋಡಿ ಒಂದು ಗಂಟೆ ಕಾದು, ನಾಣ್ಯ ಇಟ್ಟು ನೋಡುತ್ತೇವೆ, ಕೊನೆಯ ಕಂತು ಆಮೇಲೆಯೇ ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿ.